ಹಳ್ಳಿಗಳ ಕ್ಯಾನ್ಸರ್ ಪೀಡಿತ ಪುರುಷರ ನೆರವಿಗೆ ದೇಣಿಗೆ ಮನವಿ

ಮಾನ್ಯರೇ,

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಎಂದರೆ ಹೆಚ್ಚಿನವರಿಗೆ ವಾರಕ್ಕೆ 5 ದಿನದಂತೆ 4ರಿಂದ 8 ವಾರ. ಯಂತ್ರದಡಿ ಮಲಗುವುದು ಕೆಲವೇ ನಿಮಿಷ. ಹಳ್ಳಿಯವರಿಗೆ ಉಳಿದ ಹೊತ್ತೆಲ್ಲ ದಾರಿಯಲ್ಲೇ ಕಳೆಯುತ್ತದೆ. ಚಿಕಿತ್ಸೆಯ ಹೊತ್ತಿಗೆ ಮೂತ್ರಕೋಶ ತುಂಬಿರಬೇಕೆಂದು ನೀರು ಕುಡಿದು ಕಾಯಲು ಹೇಳುತ್ತಾರೆ. ಮುಗಿಸಿ ಹೊರಟರೆ ಅರ್ಧ ದಾರಿಯಲ್ಲಿ ಮತ್ತೆ ಅವಸರ. ತುಂಬಿದ ಬಸ್ಸಿನಲ್ಲಿ ಎದ್ದು ನಿಂತು ‘ಸ್ವಲ್ಪ ನಿಲ್ಲಿಸಿ’ ಎನ್ನಲು ಎಷ್ಟೋ ಜನರಿಗೆ ಬಾಯಿಯೇ ಬರುವುದಿಲ್ಲ.

ಶಸ್ತ್ರಚಿಕಿತ್ಸೆಯಾದವರ ಪಾಡು ಇನ್ನೊಂದು ಬಗೆಯದು. ಮೂತ್ರದ ಹಿಡಿತ ಮರಳಲು ತಿಂಗಳುಗಳೇ ಹಿಡಿಯಬಹುದು; ಅಲ್ಲಿಯವರೆಗೆ ಪ್ಯಾಡ್ ಧರಿಸಬೇಕು. ಬಳಸಿದ್ದನ್ನು ಹಾಕಲು ಗಂಡಸರ ಶೌಚಾಲಯದಲ್ಲಿ ಮುಚ್ಚಳದ ಡಬ್ಬಿ ಕಾಣುವುದು ಅಪರೂಪ. ಕಾಗದದಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿ, ಮನೆಗೇ ಹೊತ್ತು ತರಬೇಕು. ಇಷ್ಟು ಸಣ್ಣದಕ್ಕೂ ದೇಣಿಗೆ ಬೇಕೇ ಎನ್ನುವವರು ಒಂದು ದಿನ ಆ ಚೀಲ ಹಿಡಿದು ತಿರುಗಾಡಿ ಬರಲಿ.

ಹಾರ್ಮೋನ್ ತಡೆಯುವ ಔಷಧ ಪಡೆಯುವವರಲ್ಲಿ ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ, ತೋಳಿನ ಬಲ ಕುಂದುತ್ತದೆ, ದಾಂಪತ್ಯದ ಬಯಕೆ ಇಳಿಯುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಇದನ್ನೆಲ್ಲ ಯಾರ ಬಳಿ ಹೇಳಿಕೊಳ್ಳುವುದು? ಹೆಂಡತಿಯ ಬಳಿಯೂ ಹೇಳದವರಿದ್ದಾರೆ. ಅದಕ್ಕಾಗಿಯೇ, ಇದೇ ಹಾದಿಯಲ್ಲಿ ನಡೆದು ಬಂದವರನ್ನು ಹೊಸ ರೋಗಿಗಳೊಂದಿಗೆ ಫೋನಿನಲ್ಲಿ ಮಾತಿಗೆ ಕೂರಿಸುವ ಕೆಲಸವನ್ನು ನಮ್ಮ ಟ್ರಸ್ಟ್ ಎಲ್ಲಕ್ಕಿಂತ ಮುಂದಿಟ್ಟಿದೆ. ವೈದ್ಯರಿಗೆ ಕೇಳಲು ಸಂಕೋಚಪಟ್ಟ ಪ್ರಶ್ನೆ ಅಲ್ಲಿ ಸಲೀಸಾಗಿ ಹೊರಬರುತ್ತದೆ.

ಕೀಮೋಥೆರಪಿಯಲ್ಲಿರುವವರಿಗೆ ನೆರವು ತಡವಾಗಲೇಬಾರದು. ಬಿಳಿ ರಕ್ತಕಣಗಳು ಇಳಿದಿರುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ‘ಬೆಳಗಾಗಲಿ, ನೋಡೋಣ’ ಎಂದು ಮಲಗಿದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲೊಂದು ಥರ್ಮಾಮೀಟರ್, ಕರೆದ ಕೂಡಲೇ ಬರುವ ವಾಹನ, ಇವೆರಡೂ ಹಳ್ಳಿಯ ರೋಗಿಗೆ ಔಷಧದಷ್ಟೇ ಮುಖ್ಯ.

ನಿಮ್ಮ ದೇಣಿಗೆ ಪ್ರಯಾಣದ ಖರ್ಚಿಗೆ, ಆಸ್ಪತ್ರೆಯ ಸಮೀಪದ ವಸತಿಗೆ, ಪ್ಯಾಡ್‌ಗಳಿಗೆ ಹೋಗುತ್ತದೆ. ಹೊಲ, ದನಕರುಗಳನ್ನು ಬಿಟ್ಟು ಬರಲಾಗದವರ ಪಾಲಿಗೆ ಬದಲಿ ಆಳಿನ ಕೂಲಿಯನ್ನೂ ಇದರಿಂದಲೇ ಕೊಡುತ್ತೇವೆ. ಆ ಕೆಲಸ ನಿಂತರೆ ಚಿಕಿತ್ಸೆಯೂ ನಿಂತಂತೆಯೇ. ನೆರವು ಪಡೆದವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಎಲ್ಲಿಯೂ ಪ್ರಕಟಿಸುವುದಿಲ್ಲ, ದಾನಿಗಳು ಕೇಳಿದರೂ ಸಹ.

ಕೈಲಾದಷ್ಟು ಕೊಡಿ. ಪ್ರತಿ ದೇಣಿಗೆಗೂ ರಸೀದಿ ನೀಡುತ್ತೇವೆ. ಹಣ ಕೊಡಲಾಗದವರು ವಾರಕ್ಕೊಮ್ಮೆ ತಮ್ಮ ವಾಹನದಲ್ಲಿ ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ದರೂ ಆದೀತು. ದಾರಿಯಲ್ಲಿ ಅವರು ಕೇಳುವ ಮೊದಲೇ ಒಂದೆರಡು ಕಡೆ ನಿಲ್ಲಿಸಿ.