ಅಜ್ಜನ ವೆಬ್ಲಿಗೆ ಹೊಸ ಹೊಳಪು ಬೇಡ

ಚಿತ್ರದುರ್ಗ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ದಾವಣಗೆರೆಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ನಿನ್ನ ಹೆಸರಿಗೆ ಲೈಸೆನ್ಸ್ ಮಂಜೂರಾಗಿ, ಅಜ್ಜ ತೀರಿಕೊಂಡಾಗಿನಿಂದ ಠಾಣೆಯಲ್ಲಿ ಠೇವಣಿಯಾಗಿದ್ದ ಅವರ ವೆಬ್ಲಿ ರಿವಾಲ್ವರ್ ಮನೆಗೆ ಬಂದಿತೆಂದು ಓದಿ ಸಂತೋಷವಾಯಿತು. ವಾರಸುದಾರರೆಲ್ಲರೂ ಒಪ್ಪಿಗೆಯ ಅಫಿಡವಿಟ್ ಕೊಡಬೇಕಾದಾಗ ನಾನು ಮೊದಲು ಸಹಿ ಮಾಡಿದ್ದು, ಅದು ನಿನ್ನ ಕೈಯಲ್ಲಿ ಚೆನ್ನಾಗಿರುತ್ತದೆ ಎಂಬ ಭರವಸೆಯಿಂದ. ಆದರೆ ಅದೇ ಪತ್ರದ ಕೊನೆಯಲ್ಲಿ ನೀನು ಬರೆದ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಬಣ್ಣ ಮಾಸಿರುವ ಅದಕ್ಕೆ ಆಯುಧ ಪೂಜೆಯ ಒಳಗೆ ಬೈಕಿನ ಬಿಡಿಭಾಗಗಳಿಗೆ ಪಾಲಿಶ್ ಮಾಡುವವರಲ್ಲಿ ನಿಕ್ಕಲ್ ಲೇಪನ ಹಾಕಿಸುವ ವಿಚಾರವಿದೆ, ಇಲ್ಲವಾದರೆ ಮಾರಿ ಹಗುರವಾದ ಹೊಸದನ್ನು ಕೊಳ್ಳುವುದೇ ಲೇಸು ಎಂದು ಕೇಳಿದ್ದೀಯೆ. ಎರಡೂ ಬೇಡ. ಏಕೆ ಬೇಡ ಎಂಬುದನ್ನು ವಿವರವಾಗಿ ಬರೆಯದೆ ಕೇವಲ ಹಿರಿಯನೆಂಬ ಅಧಿಕಾರದಿಂದ ಹೇಳಿಬಿಟ್ಟರೆ ನಿನಗೆ ಒಪ್ಪಿಗೆಯಾಗಲಾರದು. ಆದ್ದರಿಂದ ಸ್ವಲ್ಪ ಸಮಾಧಾನದಿಂದ ಓದು.

ಪೊಲೀಸ್ ಇಲಾಖೆಯ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಆರ್ಮರರ್, ಅಂದರೆ ಆಯುಧಗಳ ದುರಸ್ತಿಗಾರನಾಗಿ ನಾನು ಸೇವೆ ಸಲ್ಲಿಸಿದ್ದು ನಿನಗೆ ತಿಳಿದೇ ಇದೆ. ಸಬ್ ಇನ್ಸ್‌ಪೆಕ್ಟರುಗಳ ಸೊಂಟದಲ್ಲಿರುತ್ತಿದ್ದ .38 ಬೋರ್ (ನಳಿಗೆಯ ಒಳ ಅಗಲದ ಅಳತೆ, ಸುಮಾರಾಗಿ ಇಂಚಿನಲ್ಲಿ) ರಿವಾಲ್ವರುಗಳನ್ನು ಬಿಚ್ಚುವುದು, ಒರೆಸುವುದು, ಸ್ಪ್ರಿಂಗ್ ಬದಲಿಸುವುದು ನನ್ನ ನಿತ್ಯದ ಕೆಲಸವಾಗಿತ್ತು. ಆ ಕೆಲಸದಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯೆಂದರೆ, ಹಳೆಯ ಡಬಲ್ ಆ್ಯಕ್ಷನ್ ರಿವಾಲ್ವರಿನ ಮೇಲೆ ಅದರ ಒಡೆಯರಿಗೆ ಇರುವ ಮಮತೆ ಬರಿಯ ಹಳೆಯ ಕಾಲದ ಹಂಬಲವಲ್ಲ. ಅದಕ್ಕೆ ಕೈಗೆ ಸಿಗುವ, ಕಣ್ಣಿಗೆ ಕಾಣುವ ಕಾರಣಗಳಿವೆ. ಆ ಕಾರಣಗಳಲ್ಲಿ ಹೆಚ್ಚಿನವು ಪಾಲಿಶ್ ಚಕ್ರದ ಕೆಳಗೆ ಅರ್ಧ ಗಂಟೆಯಲ್ಲಿ ನಾಶವಾಗುವಂಥವು.

ಮೊದಲು ಯಂತ್ರದ ವಿಷಯ. ಹಳೆಯ ಸಿಂಗಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹ್ಯಾಮರನ್ನು, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕಾಗಿತ್ತು. ಇಂಗ್ಲೆಂಡಿನ ರಾಬರ್ಟ್ ಆ್ಯಡಮ್ಸ್ 1851ರಲ್ಲಿ ಟ್ರಿಗರ್ ಎಳೆದರೆ ಸಾಕು, ಹ್ಯಾಮರ್ ತಾನೇ ಎದ್ದು ಬೀಳುವ ರಿವಾಲ್ವರನ್ನು ಮಾಡಿದ. ಆದರೆ ಅದರಲ್ಲಿ ಹೆಬ್ಬೆರಳಿನಿಂದ ಎಳೆದು ನಿಲ್ಲಿಸುವ ಸೌಕರ್ಯವಿರಲಿಲ್ಲ. ಸೈನ್ಯದ ಅಧಿಕಾರಿಯಾಗಿದ್ದ ಫ್ರೆಡರಿಕ್ ಬೋಮಂಟ್ 1856ರಲ್ಲಿ ಆ ಎರಡನ್ನೂ ಒಂದೇ ಯಂತ್ರದೊಳಗೆ ಕೂಡಿಸಿದ. ಇಂದು ನಾವು ಡಬಲ್ ಆ್ಯಕ್ಷನ್ ಎನ್ನುವುದು ಈ ಕೂಡಿಕೆಯನ್ನೇ. ಟ್ರಿಗರಿನ ಒಂದೇ ಎಳೆತದಲ್ಲಿ ಒಳಗಿನ ಸಣ್ಣ ಕೈ ತೋಟಾ ತುಂಬುವ ಉರುಳೆಯಾದ ಸಿಲಿಂಡರಿನ ಹಿಂಭಾಗದ ಹಲ್ಲನ್ನು ಮೇಲಕ್ಕೆ ತಳ್ಳಿ ಮುಂದಿನ ಕೋಣೆಯನ್ನು ನಳಿಗೆಯ ನೇರಕ್ಕೆ ತರುತ್ತದೆ, ಅಗುಳಿಯೊಂದು ಬಂದು ಸಿಲಿಂಡರನ್ನು ಬಿಗಿಯುತ್ತದೆ, ಹ್ಯಾಮರ್ ಎದ್ದು ಕೊನೆಗೆ ಜಾರುತ್ತದೆ. ಈ ಕೆಲಸಗಳು ಒಂದರ ಹಿಂದೆ ಒಂದರಂತೆ, ಒಂದಕ್ಕೊಂದು ಅಡ್ಡ ಬಾರದಂತೆ ನಡೆಯಬೇಕು. ಹಿಂದಿನ ಕಾಲದಲ್ಲಿ ಇವುಗಳನ್ನು ಹೊಂದಿಸುತ್ತಿದ್ದವನು ಅರ ಹಿಡಿದ ಕುಶಲಕರ್ಮಿ. ಒಂದು ರಿವಾಲ್ವರಿನ ಕೈಯನ್ನು ತೆಗೆದು ಇನ್ನೊಂದಕ್ಕೆ ಹಾಕಿದರೆ ಅದು ಸರಿಯಾಗಿ ಕೂರಲಿಕ್ಕಿಲ್ಲ, ಏಕೆಂದರೆ ಪ್ರತಿಯೊಂದನ್ನೂ ಅದರದೇ ಚೌಕಟ್ಟಿಗೆ ಉಜ್ಜಿ ಉಜ್ಜಿ ಕೂರಿಸಿರುತ್ತಿದ್ದರು.

ಅದರ ಎಳೆತ ತೂಕದ್ದೇ. ಹ್ಯಾಮರ್ ಎತ್ತಿಟ್ಟಾಗ ಒಂದೂವರೆ ಎರಡು ಕಿಲೋ ಸಾಕಾಗುವಲ್ಲಿ, ಡಬಲ್ ಆ್ಯಕ್ಷನ್‌ನಲ್ಲಿ ಐದು ಕಿಲೋದಷ್ಟು ಬೇಕಾಗಬಹುದು. ಹೊಸಬರು ಇದನ್ನು ದೋಷವೆಂದುಕೊಳ್ಳುತ್ತಾರೆ. ಆದರೆ ಬಾವಿಯ ರಾಟೆಯ ಮೇಲೆ ತುಂಬಿದ ಕೊಡ ಹೇಗೆ ಒಂದೇ ಸಮನೆ ಏರಿ ಬರುತ್ತದೆಯೋ ಹಾಗೆ, ಚೆನ್ನಾಗಿ ಹೊಂದಿಸಿದ ಹಳೆಯ ರಿವಾಲ್ವರಿನ ಟ್ರಿಗರ್ ಎಲ್ಲಿಯೂ ತೊಡರದೆ ಹಿಂದಕ್ಕೆ ಬರುತ್ತದೆ. ಭಾರ ಇದ್ದರೂ ಕೈಗೆ ಒರಟು ಅನ್ನಿಸುವುದಿಲ್ಲ. ಅಮೆರಿಕದ ಹಳೆಯ ರಿವಾಲ್ವರುಗಳ ಒಡೆಯರು ಈ ಎಳೆತದ ಸ್ವಭಾವವನ್ನೇ ಹಿಡಿದು ಜೀವಮಾನವಿಡೀ ವಾದ ಮಾಡುತ್ತಾರೆ. ಕೋಲ್ಟ್‌ನಲ್ಲಿ ಮಡಿಸಿದ ಪಟ್ಟಿ ಸ್ಪ್ರಿಂಗ್ ಇರುವುದರಿಂದ ಎಳೆತ ಕೊನೆಗೆ ಬಂದಂತೆ ಬಿಗಿಯಾಗುತ್ತದೆ, ಸ್ಮಿತ್ ಅಂಡ್ ವೆಸನ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಸಮನಾಗಿರುತ್ತದೆ. ಕೋಲ್ಟ್‌ನ ಸಿಲಿಂಡರ್ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಸ್ಮಿತ್‌ನದು ಅದಕ್ಕೆ ವಿರುದ್ಧ. 1955ರಲ್ಲಿ ಬಂದ ಕೋಲ್ಟ್ ಪೈಥಾನ್ ನಿಂತುಹೋಗಿ 2020ರಲ್ಲಿ ಹೊಸ ರೂಪದಲ್ಲಿ ಮರಳಿ ಬಂದ ಮೇಲೂ ಹಳೆಯದನ್ನು ಇಟ್ಟುಕೊಂಡವರು ಅದನ್ನು ಬಿಡಲಿಲ್ಲ. ಸ್ಮಿತ್ ಕಂಪನಿ 1982ರ ಆಸುಪಾಸಿನಲ್ಲಿ ನಳಿಗೆಯನ್ನು ಅಡ್ಡಪಿನ್ನಿನಿಂದ ಭದ್ರಪಡಿಸುವುದನ್ನು ಬಿಟ್ಟಿತು. ಪಿನ್ ಇರುವ ಕಾಲದ್ದೇ ಬೇಕೆಂದು ಹುಡುಕಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ದೂರದವರ ಮಾತು ಎಂದು ತಳ್ಳಿಹಾಕಬೇಡ. ಅವರು ಪ್ರೀತಿಸುವುದು ಯಾವುದನ್ನೋ ಅದೇ ನಿನ್ನ ಕಬ್ಬಿಣದ ಬೀರುವಿನಲ್ಲಿಯೂ ಇದೆ.

ನಿನ್ನ ಬಳಿ ಇರುವುದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್, .32 ಬೋರ್. ಬ್ರಿಟಿಷ್ ಸೈನ್ಯ 1887ರಿಂದ ಬಳಸಿದ .455 ವೆಬ್ಲಿಯ ಮನೆತನದ್ದೇ ಇದು. .455, .38 ಎರಡೂ ನಮ್ಮ ದೇಶದಲ್ಲಿ ನಿಷೇಧಿತ ಬೋರ್‌ಗಳು, ಸೈನ್ಯ ಮತ್ತು ಪೊಲೀಸರ ಗುಂಡು ನಾಗರಿಕರ ಆಯುಧಕ್ಕೆ ಹೊಂದಬಾರದೆಂಬುದು ಅದರ ಹಿಂದಿನ ಉದ್ದೇಶ. ಆದ್ದರಿಂದ ಲೈಸೆನ್ಸ್‌ದಾರರ ಮನೆಗಳಲ್ಲಿ ಕಾಣುವುದು ಬಹುತೇಕ .32 ಮಾತ್ರ. ಚಳ್ಳಕೆರೆಯಲ್ಲಿ ನಿನ್ನ ಅಜ್ಜನವರು ಶೇಂಗಾ ಎಣ್ಣೆ ಗಿರಣಿ ನಡೆಸುತ್ತಿದ್ದಾಗ, ಸುಗ್ಗಿಯಲ್ಲಿ ರೈತರಿಗೆ ಕೊಡಬೇಕಾದ ನಗದನ್ನು ಜೀಪಿನಲ್ಲಿ ಒಯ್ಯುವ ಕಾಲದಲ್ಲಿ, 1950ರ ದಶಕದಲ್ಲಿ ಇದನ್ನು ಕೊಂಡರು. ಅದನ್ನು ಯಾರ ಮೇಲೂ ಎತ್ತುವ ಸಂದರ್ಭ ಅವರಿಗೆ ಬರಲಿಲ್ಲ, ಅದನ್ನು ಅವರು ದೇವರ ದಯೆಯೆಂದೇ ಹೇಳುತ್ತಿದ್ದರು.

ಈಗ ಬೆಳಕಿನಲ್ಲಿ ಕುಳಿತು ಅದನ್ನು ನೋಡು. ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಹೆಬ್ಬೆರಳಿನಿಂದ ಎಡಗಡೆಯ ಸನ್ನೆಯನ್ನು ಒತ್ತಿ ನಳಿಗೆಯನ್ನು ಕೆಳಕ್ಕೆ ಮಡಿಸಿದರೆ, ಸಿಲಿಂಡರಿನ ನಡುವಿನಿಂದ ನಕ್ಷತ್ರದಾಕಾರದ ತಟ್ಟೆ ಮೇಲೆದ್ದು ಬಂದು ಕೊನೆಯಲ್ಲಿ ಟಕ್ಕನೆ ಒಳಗೆ ಸರಿಯುತ್ತದೆ. ಖಾಲಿ ತೋಟಾಗಳನ್ನು ಹೊರಕ್ಕೆಸೆಯುವುದು ಅದೇ. ಚೌಕಟ್ಟಿನ ಪಕ್ಕದಲ್ಲಿ ರೆಕ್ಕೆಯಿರುವ ಗುಂಡಿನ ಚಿಹ್ನೆ ಇದೆ. ನಳಿಗೆಯ ಮೇಲೂ ಪ್ರತಿಯೊಂದು ಕೋಣೆಯ ಮಗ್ಗುಲಲ್ಲೂ ಕಿರೀಟದ ಕೆಳಗೆ ಎಳ್ಳುಕಾಳಿನಷ್ಟು ಸಣ್ಣ ಅಕ್ಷರಗಳಿವೆ. ಅವು 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆಗಳು. ಮಾಮೂಲಿಗಿಂತ ಹೆಚ್ಚು ಬಲದ ತೋಟಾ ಹಾರಿಸಿ, ಲೋಹ ತಾಳಿಕೊಂಡಿತೆಂದು ಪರೀಕ್ಷಿಸಿದ ಮೇಲೆ ಒತ್ತಿದ್ದು. ನಳಿಗೆಯ ಮೂತಿಯ ಬಳಿ ಮತ್ತು ಸಿಲಿಂಡರಿನ ಅಂಚಿನಲ್ಲಿ ನೀಲಿ ಮಾಸಿ ಬೂದಿಯಾಗಿರುವುದು ತುಕ್ಕಲ್ಲ, ಚರ್ಮದ ಚೀಲದಿಂದ ಎಷ್ಟೋ ವರ್ಷ ತೆಗೆದು ಇಟ್ಟ ಸವೆತ. ಹಿಡಿಕೆಯ ಎಡ ಮಗ್ಗುಲಲ್ಲಿ ಚೌಕುಳಿ ಗೆರೆಗಳು ಬಲಗಡೆಗಿಂತ ಹೆಚ್ಚು ನುಣುಪಾಗಿವೆ, ಏಕೆಂದರೆ ನಿನ್ನ ಅಜ್ಜನವರ ಹೆಬ್ಬೆರಳು ಅಲ್ಲಿಯೇ ಇರುತ್ತಿತ್ತು.

ಪಾಲಿಶ್ ಚಕ್ರಕ್ಕೆ ಇದರಲ್ಲಿ ಯಾವುದೂ ಗೊತ್ತಾಗುವುದಿಲ್ಲ. ಹೊಳಪು ಬರಿಸಬೇಕಾದರೆ ಮೊದಲು ಮೇಲಿನ ಲೋಹವನ್ನು ಉಜ್ಜಿ ತೆಗೆಯಬೇಕು. ಹಾಗೆ ಮಾಡಿದಾಗ ನೇರವಾಗಿರಬೇಕಾದ ಅಂಚುಗಳು ದುಂಡಗಾಗುತ್ತವೆ, ತಿರುಪಿನ ರಂಧ್ರಗಳ ಸುತ್ತ ಗುಳಿ ಬೀಳುತ್ತದೆ, ಪ್ರೂಫ್ ಮುದ್ರೆ ಅಳಿಸಿಹೋಗುತ್ತದೆ. ನೀಲಿ ಬಣ್ಣ ಎನ್ನುವುದು ಉಕ್ಕಿನ ಮೇಲೆಯೇ ಬೆಳೆಸಿದ ತೆಳುವಾದ ಪದರ. ಒಮ್ಮೆ ಹೋದರೆ ಆ ಕಾಲದ ಬಣ್ಣ ಮತ್ತೆ ಬರುವುದಿಲ್ಲ. ನಿಕ್ಕಲ್ ಹಾಕುವ ಮುಂಚೆ ಆಮ್ಲದಲ್ಲಿ ಅದ್ದುತ್ತಾರೆ, ಗಡಸು ಸ್ಪ್ರಿಂಗುಗಳಿಗೆ ಆ ಸ್ನಾನ ಒಳ್ಳೆಯದಲ್ಲ, ಅವು ಆಮೇಲೆ ಪೆಡಸಾಗಿ ಮುರಿಯಬಹುದು.

ಇದಕ್ಕಿಂತ ಗಂಭೀರವಾದದ್ದು ಕಾನೂನು. 1959ರ ಆಯುಧ ಅಧಿನಿಯಮದ 8ನೆಯ ಕಲಮಿನ ಪ್ರಕಾರ ಆಯುಧದ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದೂ ತಿದ್ದುವುದೂ ನಿಷಿದ್ಧ. ನಿನ್ನ ಲೈಸೆನ್ಸಿನಲ್ಲಿ ಬರೆದಿರುವ ಸಂಖ್ಯೆ ಚೌಕಟ್ಟಿನ ಮೇಲೆ ಮಸುಕಾದರೆ ನವೀಕರಣದ ದಿನ ನೀನು ಏನು ಉತ್ತರ ಕೊಡುತ್ತೀಯೆ? ರಿಪೇರಿ ಮಾಡುವವನಿಗೂ ಅದಕ್ಕೆಂದೇ ಲೈಸೆನ್ಸ್ ಇರಬೇಕು. ಬೈಕಿನ ಸೈಲೆನ್ಸರಿಗೆ ಹೊಳಪು ಕೊಡುವ ಅಂಗಡಿಯಲ್ಲಿ ರಿವಾಲ್ವರನ್ನು ಒಂದು ರಾತ್ರಿ ಬಿಟ್ಟು ಬರುವುದು ನಿನಗೂ ಆ ಬಡಪಾಯಿಗೂ ತೊಂದರೆಯ ದಾರಿ.

ಆಯುಧ ಪೂಜೆಯ ವಿಷಯದಲ್ಲಿ ನಿನ್ನ ಭಕ್ತಿ ನನಗೆ ಮೆಚ್ಚುಗೆಯೇ. ನಾವು ಒನಕೆ ಓಬವ್ವನ ಊರಿನವರು, ಮಹಾನವಮಿಯ ದಿನ ಆಯುಧಕ್ಕೆ ಕೈಮುಗಿಯದೆ ಊಟ ಮಾಡಿದವರಲ್ಲ. ಆದರೆ ನೀರಿನಲ್ಲಿ ಕಲಸಿದ ವಿಭೂತಿ, ಗಂಧ, ಕುಂಕುಮವನ್ನು ಉಕ್ಕಿನ ಮೇಲೆ ಹಚ್ಚಬೇಡ, ನಿಂಬೆಹಣ್ಣನ್ನು ಮುಟ್ಟಿಸಲೂ ಬೇಡ. ನಿಂಬೆಯ ರಸ ನೀಲಿಯನ್ನು ತಿನ್ನುತ್ತದೆ. ಒದ್ದೆ ಕುಂಕುಮ ಒಂದೇ ರಾತ್ರಿಯಲ್ಲಿ ಕಂದು ಚುಕ್ಕೆ ಬಿಡುತ್ತದೆ. ಪೂಜೆಯ ಮರುದಿನ ಶಸ್ತ್ರಾಗಾರಕ್ಕೆ ಬರುತ್ತಿದ್ದ ಬಂದೂಕುಗಳಲ್ಲಿ ಬೆರಳಿನ ಅಗಲದ ಆ ಮೂರು ಗೆರೆಗಳನ್ನು ನಾನು ಎಣ್ಣೆ ಹಾಕಿ ತಿಕ್ಕಿ ತೆಗೆದದ್ದು ಉಂಟು, ಕೆಲವು ಪೂರ್ತಿ ಹೋಗಲಿಲ್ಲ. ಅಜ್ಜನವರು ತಮ್ಮ ರಿವಾಲ್ವರನ್ನು ಮಡಿ ಬಟ್ಟೆಯ ಮೇಲಿಟ್ಟು, ವಿಭೂತಿ ಕುಂಕುಮವನ್ನು ಅದರ ಮರದ ಪೆಟ್ಟಿಗೆಗೆ ಹಚ್ಚುತ್ತಿದ್ದರು. ನೀನೂ ಹಾಗೆಯೇ ಮಾಡು.

ಇನ್ನು ಮಾರುವ ಮಾತು. ಕಾನ್ಪುರದ ಆರ್ಡ್ನೆನ್ಸ್ ಕಾರ್ಖಾನೆಯಿಂದ 2014ರಲ್ಲಿ ಬಂದ ನಿರ್ಭೀಕ್ ಅರ್ಧ ಕಿಲೋ ಮಾತ್ರ ತೂಗುತ್ತದೆ. ಪ್ರಾಣಭಯದಿಂದ ಆಯುಧ ಹೊತ್ತು ತಿರುಗಬೇಕಾದವರಿಗೆ ಅಂಥ ಹಗುರ ರಿವಾಲ್ವರೇ ತಕ್ಕದ್ದು, ಅದರಲ್ಲಿ ಎರಡು ಮಾತಿಲ್ಲ. ನಿನಗೆ ಆ ಭಯವಿಲ್ಲ. ಭತ್ತದ ವ್ಯಾಪಾರದ ಹಣವೆಲ್ಲ ಈಗ ಬ್ಯಾಂಕಿನ ಮೂಲಕವೇ ಹೋಗುತ್ತದೆ. ವಿದೇಶಿ ಆಯುಧಗಳ ಆಮದು ಸಾಮಾನ್ಯರಿಗೆ ನಿಂತು ದಶಕಗಳೇ ಆಗಿರುವುದರಿಂದ ಹಳೆಯ ವೆಬ್ಲಿಗೆ ಲಕ್ಷಗಳ ಲೆಕ್ಕದಲ್ಲಿ ಬೆಲೆ ಬರುತ್ತದೆ ನಿಜ, ಆ ಬೆಲೆ ನಿನ್ನ ಆಸೆಯನ್ನು ಕೆರಳಿಸಿರಬಹುದು. ವೆಬ್ಲಿ ಅಂಡ್ ಸ್ಕಾಟ್ 1979ರಲ್ಲಿ ಬಂದೂಕು ತಯಾರಿಕೆಯನ್ನೇ ನಿಲ್ಲಿಸಿತು. ಅದೇ ಹೆಸರಿನ ಹೊಸ ರಿವಾಲ್ವರುಗಳು ಈಗ ಉತ್ತರ ಪ್ರದೇಶದಲ್ಲಿ ತಯಾರಾಗುತ್ತಿವೆಯಾದರೂ, ಅಜ್ಜನವರ ಕೈಯಲ್ಲಿದ್ದದ್ದು ಮತ್ತೆ ಅಂಗಡಿಗೆ ಬರುವಂಥದ್ದಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ ಇಟ್ಟುಕೊಳ್ಳಲು ಅವಕಾಶ. ಮುಂದೆಂದಾದರೂ ನಿಜವಾದ ಅಗತ್ಯ ಬಂದರೆ ಎರಡನೆಯದಕ್ಕೆ ಅರ್ಜಿ ಹಾಕು, ಇದನ್ನು ಕೊಟ್ಟು ಅದನ್ನು ತರಬೇಡ.

ಇಟ್ಟುಕೊಳ್ಳುವುದೆಂದರೆ ನೋಡಿಕೊಳ್ಳುವುದು. ದುರ್ಗದ ಒಣ ಗಾಳಿಯಲ್ಲಿ ಉಕ್ಕು ಹೇಗೋ ತಡೆದುಕೊಳ್ಳುತ್ತದೆ; ನಿನ್ನದು ಭದ್ರಾ ನಾಲೆಯ ಸೀಮೆ, ಮಳೆಗಾಲದಲ್ಲಿ ಬೀರುವಿನ ಒಳಗೂ ತೇವ. ಚರ್ಮದ ಚೀಲದಲ್ಲಿ ಹಾಕಿಡಬೇಡ, ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ರಾಸಾಯನಿಕಗಳೂ ಅದರಲ್ಲಿರುತ್ತವೆ. ಕೈಯಲ್ಲಿ ಮುಟ್ಟಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಬೆರಳಿಗೆ ಹತ್ತುವಷ್ಟು ಮಾತ್ರ ಯಂತ್ರದ ಎಣ್ಣೆ ಸವರು. ಸಿನಿಮಾದಲ್ಲಿ ತೋರಿಸುವಂತೆ ಮಡಿಸಿದ ನಳಿಗೆಯನ್ನು ಮಣಿಕಟ್ಟಿನ ಬೀಸಿನಿಂದ ಮುಚ್ಚಬೇಡ. ಕೀಲು ಸಡಿಲವಾದರೆ ಆ ರಿವಾಲ್ವರಿನ ಆಯುಷ್ಯ ಮುಗಿದಂತೆ. ತೋಟಾ ಇಲ್ಲದೆ ಟ್ರಿಗರ್ ಎಳೆದು ಆಡಿಸುವ ಅಭ್ಯಾಸವೂ ಬೇಡ, ಹ್ಯಾಮರಿನ ಮೂತಿ ಮುರಿದರೆ ಅದಕ್ಕೆ ಮೂಲ ಭಾಗ ಸಿಗುವುದು ದುರ್ಲಭ. ಟ್ರಿಗರನ್ನು ಪೂರ್ತಿ ಹಿಂದಕ್ಕೆಳೆದು ಹಿಡಿದಾಗ ಸಿಲಿಂಡರ್ ಅಲುಗಾಡುತ್ತದೆಯೇ ಎಂಬುದನ್ನು ನಾನೇ ಒಮ್ಮೆ ನೋಡುತ್ತೇನೆ. ನೀನು ಪ್ರಯೋಗ ಮಾಡಬೇಡ.

ಮನೆಯಲ್ಲಿ ಅದು ಸದಾ ಖಾಲಿಯಾಗಿರಲಿ, ತೋಟಾಗಳು ಬೇರೆ ಬೀಗದಲ್ಲಿರಲಿ, ಎರಡು ಕೀಲಿಗಳೂ ಒಂದೇ ಗೊಂಚಲಿನಲ್ಲಿರದಿರಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆಳಗೆ ಬಿದ್ದ ಸ್ಮಿತ್ ಅಂಡ್ ವೆಸನ್‌ನಿಂದ ಗುಂಡು ಹಾರಿ ಅಮೆರಿಕದ ನಾವಿಕನೊಬ್ಬ ಸತ್ತ ಮೇಲೆ ಆ ಕಂಪನಿ ಹ್ಯಾಮರಿಗೆ ಹೊಸ ತಡೆಯನ್ನೇ ಅಳವಡಿಸಿತು. ಹಳೆಯದನ್ನು ಪ್ರೀತಿಸುವವನು ಅದರ ಮಿತಿಯನ್ನೂ ತಿಳಿದಿರಬೇಕು, ಮನೆಯಲ್ಲಿ ಓಡಾಡುವ ಮಗುವಿರುವಾಗ ಇದರಲ್ಲಿ ಸಡಿಲ ಬಿಡಲಾಗದು. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸು ಎಂದು ಸ್ನೇಹಿತರು ಹುರಿದುಂಬಿಸಿದರೆ ಕಿವಿಗೊಡಬೇಡ. ಸಂಭ್ರಮದ ಗುಂಡಿಗೆ ಈಗ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಉಂಟು. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಲು ಆದೇಶ ಬಂದಾಗ, ಒಪ್ಪಿಸುವ ಮುಂಚೆ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಸಂಖ್ಯೆ ಬರೆದ ರಸೀತಿ ಪಡೆದುಕೊ. ತಿಂಗಳುಗಟ್ಟಲೆ ರ್‍ಯಾಕಿನಲ್ಲಿ ಬಿದ್ದು ತುಕ್ಕು ಹಿಡಿದು ಬಂದ ಒಳ್ಳೊಳ್ಳೆಯ ರಿವಾಲ್ವರುಗಳನ್ನು ಕಂಡು ನನಗೆ ಹೊಟ್ಟೆ ಉರಿದದ್ದುಂಟು.

ಪಿತೃಪಕ್ಷ ಕಳೆದ ಮೇಲೆ ಒಂದು ಭಾನುವಾರ ಅದನ್ನು ತೆಗೆದುಕೊಂಡು ಇಲ್ಲಿಗೆ ಬಾ. ಪರಿಚಯದ ಲೈಸೆನ್ಸ್‌ ಇರುವ ರಿಪೇರಿಯವರಲ್ಲಿಗೆ ಇಬ್ಬರೂ ಹೋಗಿ, ಒಳಗಿನ ಗಟ್ಟಿಯಾದ ಹಳೆಯ ಎಣ್ಣೆಯನ್ನು ಮಾತ್ರ ತೆಗೆಸೋಣ. ಹೊರಡುವ ಮುಂಚೆ ನಿನ್ನ ಲೈಸೆನ್ಸಿನ ವ್ಯಾಪ್ತಿ ಜಿಲ್ಲೆಗೋ ರಾಜ್ಯಕ್ಕೋ ಎಂಬುದನ್ನು ಓದಿಕೊ. ಜಿಲ್ಲೆಗಷ್ಟೇ ಇದ್ದರೆ ರಿವಾಲ್ವರನ್ನು ಅಲ್ಲಿಯೇ ಬಿಡು, ನಾನೇ ದಾವಣಗೆರೆಗೆ ಬರುತ್ತೇನೆ. ತರುವುದಾದರೆ ಲೈಸೆನ್ಸ್ ಜೊತೆಯಲ್ಲಿರಲಿ, ತೋಟಾಗಳು ಮನೆಯಲ್ಲಿಯೇ ಇರಲಿ.

ಇಂತಿ ನಿನ್ನ ಹಿತಚಿಂತಕ,
ದೊಡ್ಡಪ್ಪ