ಗಾಳಿ ಹೊರಗೆ ಹೋದರೆ ಒಳಗೂ ಬರಬೇಕಲ್ಲ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ನಾನಿಲ್ಲಿ ಆರಾಮಾಗಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ? ಭಾವ ಕಳಿಸಿದ ಅಡುಗೆಮನೆಯ ನಕ್ಷೆ ಬಂತು. ಒಲೆಯ ಮೇಲೆ ಹೊಗೆ ಎಳೆಯಲು ಹಾಕಿಸುವ ಚಿಮ್ನಿಯ ವಿಷಯ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕೆಲಸದವರು ಬಂದು ನಿಂತಾಗ ಅವರಿಗೆ ತೋರಿಸುವುದಕ್ಕೂ ಏನೂ ಇರುವುದಿಲ್ಲ. ಅದಕ್ಕೇ ಕಾಗದ. ನನ್ನ ದಿನದ ಕೆಲಸವೇ ಡಕ್ಟ್, ಅಂದರೆ ಗಾಳಿ ಹೋಗುವ ಪೈಪ್, ಹಾಕುವುದು, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡಿದರೆ ಬೈಯಬೇಡ.

ನೀನು ಕೇಳಿದ್ದು ಯಾವ ಮಾಡೆಲ್ ತಗೊಳ್ಳಲಿ, ಎಷ್ಟು ಪವರ್ ಇರಲಿ ಅಂತ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ನಾನು ಮೊದಲು ನೋಡುವುದು ಬೇರೆ: ಗಾಳಿ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ಯಾವ ದಾರಿಯಲ್ಲಿ ಒಳಗೆ ಬರುತ್ತದೆ. ಈ ಎರಡು ದಾರಿ ಸರಿ ಇದ್ದರೆ ಸಾಧಾರಣ ಚಿಮ್ನಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಎಷ್ಟು ದೊಡ್ಡದು ತಂದರೂ ಸದ್ದು ಮಾತ್ರ.

ಒಂದು ಲೆಕ್ಕ ಹೇಳುತ್ತೇನೆ. ಅಡುಗೆಮನೆ ಉದ್ದ ಅಗಲ ಮೂರು ಮೂರು ಮೀಟರ್, ಎತ್ತರ 2.7 ಮೀಟರ್ ಅಂದುಕೋ. ಒಳಗಿರುವ ಗಾಳಿ ಸುಮಾರು 24 ಘನ ಮೀಟರ್. ಡಬ್ಬದ ಮೇಲೆ 1200 ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ. ನಿಜವಾಗಿಯೂ ಅಷ್ಟು ಎಳೆದರೆ ಒಂದೂಕಾಲು ನಿಮಿಷದೊಳಗೆ ಆ ಕೋಣೆಯ ಗಾಳಿಯಷ್ಟೂ ಹೊರಗೆ ಹೋಯಿತು. ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದರೆ ಏನಾಗುತ್ತದೆ? ಒಂದೋ ಚಿಮ್ನಿ ಏದುಸಿರು ಬಿಡುತ್ತಾ ಏನೂ ಎಳೆಯದೆ ನಿಲ್ಲುತ್ತದೆ, ಇಲ್ಲವೇ ಬರಬಾರದ ದಾರಿಯಿಂದ ಗಾಳಿ ಬರುತ್ತದೆ.

ನಕ್ಷೆಯಲ್ಲಿ ನನಗೆ ಭಯವಾದದ್ದು ಅಲ್ಲೇ. ಅಡುಗೆಮನೆಗೆ ಅಂಟಿಕೊಂಡು ಗ್ಯಾಸ್ ಗೀಸರ್ ತೋರಿಸಿದ್ದೀರಿ. ಗೀಸರಿನಲ್ಲಿ ಉರಿದ ಹೊಗೆ ಬಿಸಿಯಾಗಿರುವುದರಿಂದ ತಾನಾಗಿಯೇ ಮೇಲೇರಿ ಅದರ ಪೈಪಿನಿಂದ ಹೊರಗೆ ಹೋಗುತ್ತದೆ. ಆ ಎಳೆತ ತೀರಾ ಮೆಲ್ಲಗಿನದು. ಪಕ್ಕದಲ್ಲಿ ಚಿಮ್ನಿ ಜೋರಾಗಿ ಓಡುತ್ತಾ, ಹೊರಗಿನಿಂದ ಗಾಳಿ ಬರಲು ದಾರಿಯೇ ಇಲ್ಲದಿದ್ದರೆ, ಆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಶುರುವಾಗುತ್ತದೆ. ಸುಸ್ತಾಗಿರಬೇಕು ಅಂತ ಮಲಗಿಬಿಟ್ಟರೆ ಏಳದೇ ಹೋಗಬಹುದು. ಹೆದರಿಸುವುದಕ್ಕೆ ಬರೆಯುತ್ತಿಲ್ಲ, ಇದು ಆಗುವಂಥದ್ದೇ. ಯುರೋಪಿನ ಚಿಮ್ನಿಗಳ ಜೊತೆ ಬರುವ ಪುಸ್ತಕದಲ್ಲಿ, ಇಂಥ ಗೀಸರ್ ಇರುವ ಕೋಣೆಯ ಒತ್ತಡ ಹೊರಗಿನದಕ್ಕಿಂತ 4 ಪ್ಯಾಸ್ಕಲ್‌ಗಿಂತ ಜಾಸ್ತಿ ಇಳಿಯಬಾರದು ಅಂತ ಬರೆದಿರುತ್ತಾರೆ. 4 ಪ್ಯಾಸ್ಕಲ್ ಅಂದರೆ ಏನೂ ಅಲ್ಲ, ಕೈಗೆ ಗೊತ್ತೂ ಆಗುವುದಿಲ್ಲ. ಅದನ್ನು ದಾಟಿದರೆ ಹೊಗೆ ದಾರಿ ಬದಲಿಸಬಹುದು. ಅಮೆರಿಕದ ಮನೆ ಕಟ್ಟುವ ಮಾದರಿ ನಿಯಮದಲ್ಲೂ, ಇಂಥ ಗೀಸರ್ ಇರುವ ಮನೆಯಲ್ಲಿ ನಿಮಿಷಕ್ಕೆ 400 ಘನ ಅಡಿಗಿಂತ ಜಾಸ್ತಿ ಎಳೆಯುವ ಚಿಮ್ನಿಗೆ ಹೊರಗಿನ ಗಾಳಿ ಬರುವ ದಾರಿ ಮಾಡಿಕೊಡಬೇಕು ಅಂತಿದೆ. ನಮ್ಮ ಲೆಕ್ಕದಲ್ಲಿ ಅದು ಗಂಟೆಗೆ 680 ಘನ ಮೀಟರ್.

ಹಾಗಾಗಿ ನನ್ನ ಮಾತು ಇಷ್ಟೇ. ಸಾಧ್ಯವಾದರೆ ಗೀಸರನ್ನು ಮನೆಯ ಹೊರಗೋಡೆಗೆ, ತೆರೆದ ಜಾಗಕ್ಕೆ ಹಾಕಿಸಿ. ಆಗುವುದೇ ಇಲ್ಲ ಅಂದರೆ ಗೀಸರ್ ಮತ್ತು ಚಿಮ್ನಿ ಒಟ್ಟಿಗೆ ಓಡಬಾರದು. ಒಂದು ಕಿಟಕಿ ಯಾವಾಗಲೂ ತೆರೆದಿರಲಿ. ಕಾರ್ಬನ್ ಮಾನಾಕ್ಸೈಡ್ ಬಂದರೆ ಕೂಗುವ ಅಲಾರಂ ಸಿಗುತ್ತದೆ, ಅದೊಂದು ಹಾಕಿಸಿ. ಗೀಸರಿನ ಪೈಪಿಗೇ ಚಿಮ್ನಿ ಪೈಪ್ ಸೇರಿಸಿಬಿಡೋಣ, ಒಂದೇ ತೂತು ಸಾಕು ಅಂತ ಯಾರಾದರೂ ಹೇಳಿದರೆ ಅವರಿಗೆ ಕೆಲಸ ಕೊಡಬೇಡಿ.

ಯಾವ ಕಿಟಕಿ ತೆರೆಯಬೇಕು ಅನ್ನುವುದೂ ಮುಖ್ಯ. ಒಲೆಯ ಪಕ್ಕದ್ದೇ ತೆರೆದರೆ ಬೀಸುವ ಗಾಳಿ ಹೊಗೆಯನ್ನು ಚಿಮ್ನಿಯ ಬಾಯಿಗೆ ಸೇರುವ ಮೊದಲೇ ಅತ್ತ ಇತ್ತ ತಳ್ಳುತ್ತದೆ. ಒಲೆಗೆ ದೂರದ ಕಿಟಕಿ, ಇಲ್ಲವೇ ಪಕ್ಕದ ಕೋಣೆಯ ಕಿಟಕಿ ತೆರೆಯಿರಿ, ನಡುವಿನ ಬಾಗಿಲು ಮುಚ್ಚಬೇಡಿ. ಫ್ಯಾನ್ ಕೂಡ ಆಗ ಬೇಡ.

ಇನ್ನು ಹೊರಗೆ ಹೋಗುವ ದಾರಿ. ಪೈಪ್ ನೇರವಾಗಿ ಮನೆಯ ಹೊರಗೇ ಹೋಗಬೇಕು. ಹೋದ ವಾರ ಒಂದು ಹಳೇ ಮನೆಯ ಫಾಲ್ಸ್ ಸೀಲಿಂಗ್ ಬಿಚ್ಚಿದೆವು. ಹಿಂದೆ ಯಾರೋ ಹಾಕಿದ ಪೈಪ್ ಗೋಡೆಯತನಕ ಹೋಗಿರಲೇ ಇಲ್ಲ, ಮೇಲೆ ತೂರಿಸಿ ಹಾಗೇ ಬಿಟ್ಟಿದ್ದರು. ಪೈಪಿನ ಬಾಯಿಯ ಸುತ್ತ ಮರದ ಪಟ್ಟಿಗಳ ಮೇಲೆ ಕಂದು ಬಣ್ಣದ ಅಂಟು, ಉಗುರಿನಿಂದ ಕೆರೆದರೆ ಸುರುಳಿಯಾಗಿ ಬರುವಷ್ಟು ದಪ್ಪ. ಅದರ ಮೇಲೆ ಧೂಳು ಕೂತು ಕಂಬಳಿ ಹುಳದ ಹಾಗೆ ರೋಮ ಎದ್ದಿತ್ತು. ಅದರಿಂದ ಒಂದು ಗೇಣು ದೂರದಲ್ಲಿ ಲೈಟಿನ ವೈರಿನ ಜಾಯಿಂಟ್. ಮನೆಯವರಿಗೆ ಚಿಮ್ನಿ ಓಡುವುದು ಕೇಳಿಸುತ್ತಿತ್ತು, ಹೊಗೆಯೂ ಕಣ್ಮರೆಯಾಗುತ್ತಿತ್ತು. ಸರಿಯಾಗಿದೆ ಅಂತಲೇ ತಿಳಿದಿದ್ದರು. ಕೆಲಸ ಮುಗಿದ ಮೇಲೆ ನೀವು ಹೊರಗೆ ಹೋಗಿ ನೋಡಬೇಕು. ಚಿಮ್ನಿ ಹಾಕಿದಾಗ ಹೊರಗೋಡೆಯ ಮುಚ್ಚಳದ ರೆಕ್ಕೆಗಳು ಎದ್ದು ಬಿಸಿಗಾಳಿ ಕೈಗೆ ತಾಗಬೇಕು. ಆರಿಸಿದಾಗ ರೆಕ್ಕೆಗಳು ಮುಚ್ಚಬೇಕು. ಅಲ್ಲಿ ಸಣ್ಣ ಕಣ್ಣಿನ ಸೊಳ್ಳೆಪರದೆ ಹೊಡೆಸಬೇಡಿ, ಜಿಡ್ಡು ಕೂತು ಬೇಗ ಮುಚ್ಚಿಹೋಗುತ್ತದೆ.

ಪೈಪಿನ ಅಗಲ ಚಿಮ್ನಿಯ ಬಾಯಿಗೆ ಎಷ್ಟಿದೆಯೋ ಕೊನೆಯತನಕ ಅಷ್ಟೇ ಇರಬೇಕು. ತುಂಬಾ ಚಿಮ್ನಿಗಳಿಗೆ 150 ಮಿಲಿಮೀಟರ್, ಅಂದರೆ ಆರು ಇಂಚು. ಗೋಡೆಯಲ್ಲಿ ಹಳೇ ನಾಲ್ಕು ಇಂಚಿನ ತೂತಿದೆ, ಅದರಲ್ಲೇ ತೂರಿಸುತ್ತೇವೆ ಅನ್ನುತ್ತಾರೆ ನೋಡು. ನಾಲ್ಕು ಇಂಚಿಗೆ ಇಳಿಸಿದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಆಮೇಲೆ ಸದ್ದು ಜಾಸ್ತಿ, ಹೊಗೆ ಮನೆಯಲ್ಲೇ. ತೂತು ದೊಡ್ಡದು ಮಾಡಿಸಿ.

ಉದ್ದ ಕಮ್ಮಿ ಇರಲಿ, ತಿರುವು ಕಮ್ಮಿ ಇರಲಿ. ಒಳಗೆ ನಯವಾಗಿರುವ ಗಟ್ಟಿ ಲೋಹದ ಪೈಪೇ ಒಳ್ಳೆಯದು. ಸುಕ್ಕು ಸುಕ್ಕಾದ ಅಲ್ಯೂಮಿನಿಯಂ ಪೈಪ್ ಹಾಕಿದರೆ ಪೂರ್ತಿ ಎಳೆದು ಹಾಕಲಿ. ಉಳಿದದ್ದನ್ನು ಕಪಾಟಿನೊಳಗೆ ಮುದುರಿ ತುಂಬಿದರೆ ಆ ಸುಕ್ಕುಗಳಲ್ಲೇ ಜಿಡ್ಡು ಕೂರುತ್ತದೆ. ಪ್ಲಾಸ್ಟಿಕ್ ಪೈಪ್ ಬೇಡವೇ ಬೇಡ, ಬೆಂಕಿ ಹೊತ್ತಿದರೆ ಅದೂ ಉರಿಯುತ್ತದೆ. ಅಡ್ಡ ಹೋಗುವ ಭಾಗ ಹೊರಗಡೆಗೆ ಚೂರು ಇಳಿಜಾರಾಗಿರಲಿ. ಹಬೆ ನೀರಾದರೆ ಹೊರಗೆ ಇಳಿಯಲಿ, ಒಲೆ ಮೇಲೆ ತೊಟ್ಟಿಕ್ಕುವುದು ಬೇಡ.

ಹೊರಗೆ ಪೈಪೇ ಬೇಡ, ಒಳಗೇ ಇದ್ದಿಲಿನ ಫಿಲ್ಟರಿನಲ್ಲಿ ಶುದ್ಧ ಮಾಡಿ ಗಾಳಿ ವಾಪಸ್ ಬಿಡುವ ಚಿಮ್ನಿ ತಗೊಳ್ಳಿ ಅಂತ ಅಂಗಡಿಯವರು ಹೇಳಬಹುದು. ಅದು ಜಿಡ್ಡು ಹಿಡಿಯುತ್ತದೆ, ವಾಸನೆ ಕಮ್ಮಿ ಮಾಡುತ್ತದೆ. ಹಬೆ, ಶಾಖ, ಕಾರ್ಬನ್ ಮಾನಾಕ್ಸೈಡ್ ಮನೆಯಲ್ಲೇ ಉಳಿಯುತ್ತವೆ. ಗ್ಯಾಸ್ ಒಲೆ ಇರುವ ಮನೆಗೆ, ಹೊರಗೋಡೆ ಕೈಗೆ ಸಿಗುವಾಗ, ನಾನಂತೂ ಅದನ್ನು ಹಾಕುವುದಿಲ್ಲ.

ಎತ್ತರದ ಬಗ್ಗೆ ಭಾವ ಕೇಳಿದ್ದರು. ಗ್ಯಾಸ್ ಒಲೆಯಾದರೆ ಪಾತ್ರೆ ಇಡುವ ಸ್ಟ್ಯಾಂಡಿನಿಂದ ಚಿಮ್ನಿಯ ತಳದವರೆಗೆ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್. ಅಳೆಯುವಾಗ ಕಟ್ಟೆಯಿಂದ ಅಳೆಯಬಾರದು, ಸ್ಟ್ಯಾಂಡಿನಿಂದಲೇ ಅಳೆಯಬೇಕು. ಓರೆಯಾಗಿರುವ ಮಾಡೆಲ್ ಆದರೆ ಅದರ ಕೆಳಗಿನ ಅಂಚು ಲೆಕ್ಕ. ಚಿಮ್ನಿಯ ಪುಸ್ತಕ ಒಂದು, ಒಲೆಯ ಪುಸ್ತಕ ಇನ್ನೊಂದು ಹೇಳಿದರೆ ಯಾವುದು ಜಾಸ್ತಿಯೋ ಅದು. ತೀರಾ ತಗ್ಗಿದರೆ ಫಿಲ್ಟರಿನ ಜಿಡ್ಡಿಗೆ ಉರಿ ಹತ್ತಿರ, ತೀರಾ ಎತ್ತರವಾದರೆ ಹೊಗೆ ಪಕ್ಕಕ್ಕೆ ಜಾರುತ್ತದೆ. ಅಗಲ ಒಲೆಯಷ್ಟಾದರೂ ಇರಲಿ, ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು.

ಕರೆಂಟಿನ ಕೆಲಸ ನಿಮಗೇ ಗೊತ್ತು: ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್, ಒಲೆಯ ನೇರ ಮೇಲೆ ಬೇಡ, ಕೈಗೆ ಎಟಕುವ ಹಾಗಿರಲಿ. ಗೋಡೆ ಕೊರೆಯುವ ಮೊದಲು ವೈರು, ನೀರಿನ ಪೈಪ್, ಗ್ಯಾಸ್ ಪೈಪ್ ಎಲ್ಲಿವೆ ನೋಡಿಕೊಳ್ಳಲಿ. ನಿಮ್ಮ ಗೋಡೆ ಟೊಳ್ಳು ಬ್ಲಾಕಿನದಾದರೆ ಡಬ್ಬದಲ್ಲಿ ಬಂದ ಸ್ಕ್ರೂ ಹಿಡಿಯದಿರಬಹುದು. ಟೊಳ್ಳು ಗೋಡೆಗೆ ಅಂತಲೇ ಬರುವ ಫಾಸ್ಟನರ್ ಹಾಕಿಸಿ.

ಈಗ ಅಮ್ಮನ ವಿಷಯ. ಸದ್ದಾಗುತ್ತದೆ ಅಂತ ಅವಳು ಚಿಮ್ನಿ ಆರಿಸಿಬಿಡುತ್ತಾಳೆ, ಗೊತ್ತು. ಹೊಗೆ ಎದ್ದ ಮೇಲೆ ಜೋರಾಗಿ ಹಾಕುವುದಕ್ಕಿಂತ ಒಲೆ ಹಚ್ಚುವ ಮೊದಲೇ ಸಣ್ಣ ಸ್ಪೀಡಿನಲ್ಲಿ ಹಾಕಿಡಲಿ, ಸದ್ದೂ ಕಮ್ಮಿ. ಹುರಿಯುವಾಗ, ಕರಿಯುವಾಗ ಜೋರು ಮಾಡಿದರೆ ಸಾಕು. ಒಲೆ ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲಿ. ಏನೂ ಸುಡದಿದ್ದರೂ ಹಾಕಲೇಬೇಕು, ಯಾಕೆಂದರೆ ಗ್ಯಾಸಿನ ಉರಿಯಿಂದಲೇ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅದು ಉಬ್ಬಸ ಇರುವವರಿಗೆ ಒಳ್ಳೆಯದಲ್ಲ. ಇನ್ನೊಂದು, ಜಾಸ್ತಿ ಹೊಗೆ ಬರುವ ಅಡುಗೆ ಗೋಡೆ ಕಡೆಯ ಹಿಂದಿನ ಬರ್ನರಿನಲ್ಲಿ ಮಾಡಲಿ. ಮುಂದಿನದಕ್ಕಿಂತ ಅಲ್ಲಿಂದ ಹೊಗೆ ಚೆನ್ನಾಗಿ ಎಳೆಯುತ್ತದೆ. ಪಾತ್ರೆ ಇಲ್ಲದೆ ಉರಿ ಬಿಟ್ಟು ಆಚೆ ಹೋಗಬಾರದು, ಮೇಲೆ ಜಿಡ್ಡಿನ ಫಿಲ್ಟರ್ ಇರುತ್ತದೆ.

ಫಿಲ್ಟರಿನಲ್ಲಿ ನಾನು ಹೇಳುವುದು ಪಟ್ಟಿ ಪಟ್ಟಿಯಾಗಿ ಬಗ್ಗಿಸಿದ ಸ್ಟೀಲಿನದು, ಬ್ಯಾಫಲ್ ಅನ್ನುತ್ತಾರೆ. ಗಾಳಿ ಪಟ್ಟಿಗಳ ನಡುವೆ ಸರಕ್ಕನೆ ತಿರುಗಿ ಹೋಗುತ್ತದೆ. ಎಣ್ಣೆಯ ಹನಿ ಭಾರ, ಅಷ್ಟು ಬೇಗ ತಿರುಗಲಾಗದೆ ಪಟ್ಟಿಗೇ ಅಂಟಿ ಕೆಳಗಿಳಿಯುತ್ತದೆ. ಸಣ್ಣ ಕಣ್ಣಿನ ಜಾಲರಿಯಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ಜಾಸ್ತಿ ಕರಿಯುವ ಮನೆಯಲ್ಲಿ ಎರಡು ವಾರಕ್ಕೊಮ್ಮೆ, ಇಲ್ಲದಿದ್ದರೆ ತಿಂಗಳಿಗೊಮ್ಮೆ ತೆಗೆದು ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಆಯಿತು. ಅಲ್ಯೂಮಿನಿಯಂ ಆದರೆ ವಾಷಿಂಗ್ ಸೋಡ ಬೇಡ, ಕಪ್ಪಾಗುತ್ತದೆ. ತೆಗೆಯುವ ಮೊದಲು ಪ್ಲಗ್ ಕೀಳಬೇಕು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಫಿಲ್ಟರ್ ಒಣಗುತ್ತಿದೆ ಅಂತ ಅದಿಲ್ಲದೆಯೇ ಚಿಮ್ನಿ ಓಡಿಸಿದರೆ ಜಿಡ್ಡೆಲ್ಲ ಮೋಟಾರಿಗೆ, ಪೈಪಿಗೆ. ಆಟೋ ಕ್ಲೀನ್ ಅಂತ ಹೆಸರಿದ್ದರೂ ಅದು ಒಳಗಿನ ಫ್ಯಾನಿನ ಎಣ್ಣೆಯನ್ನು ಕರಗಿಸಿ ಒಂದು ಬಟ್ಟಲಿಗೆ ಇಳಿಸುತ್ತದೆ, ಅಷ್ಟೇ. ಬಟ್ಟಲು ಖಾಲಿ ಮಾಡುವವರು ನೀವೇ. ಎಳೆತ ಇದೆಯೋ ಇಲ್ಲವೋ ನೋಡಬೇಕಾದರೆ ಒಲೆ ಹಚ್ಚದೆ ಒಂದು ತೆಳು ಟಿಶ್ಯೂ ಕಾಗದ ಫಿಲ್ಟರಿಗೆ ಹಿಡಿದು ಕೈಬಿಡು, ಅಂಟಿಕೊಂಡು ನಿಲ್ಲಬೇಕು.

ಎರಡು ಮಾತು ಮನೆಯ ಎಲ್ಲರಿಗೂ ಹೇಳಿಡು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಚಿಮ್ನಿಯನ್ನೂ ಆರಿಸಿ. ಚಿಮ್ನಿ ಓಡುತ್ತಿದ್ದರೆ ಜ್ವಾಲೆಯನ್ನು ಜಿಡ್ಡಿನ ಪೈಪಿಗೆ ಎಳೆದುಕೊಳ್ಳುತ್ತದೆ. ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬಾರದು. ನೀರು ಹಾಕಬಾರದು, ಬಾಣಲೆ ಎತ್ತಿಕೊಂಡು ಓಡಬಾರದು. ಬೆಂಕಿ ಕೈಮೀರಿದರೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿ. ಇನ್ನೊಂದು, ಗ್ಯಾಸ್ ಸೋರಿದ ವಾಸನೆ ಬಂದರೆ ಎಳೆದು ಹಾಕಲಿ ಅಂತ ಚಿಮ್ನಿ ಸ್ವಿಚ್ ಒತ್ತಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿರುತ್ತದೆ, ಮೇಲಿರುವ ಚಿಮ್ನಿಗೆ ಸಿಗುವುದಿಲ್ಲ. ಆದರೆ ಆ ಗ್ಯಾಸಿಗೆ ಬೆಂಕಿ ಹತ್ತಲು ಸ್ವಿಚ್ಚಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ.

ಪವರಿನ ಪ್ರಶ್ನೆಗೆ ಈಗ ಬರುತ್ತೇನೆ. ಗಂಟೆಗೆ ಹತ್ತು ಹನ್ನೆರಡು ಸಲ ಕೋಣೆಯ ಗಾಳಿ ಬದಲಾಗಲಿ ಅನ್ನುವುದು ನಮ್ಮ ಕೆಲಸದ ಹಳೇ ಲೆಕ್ಕ. 24 ಘನ ಮೀಟರಿನ ಕೋಣೆಗೆ ಅದು 300ರ ಹತ್ತಿರ ಬರುತ್ತದೆ. ಪೈಪು, ತಿರುವು, ಕರಿಯುವುದು ಎಲ್ಲ ಸೇರಿಸಿ ದುಪ್ಪಟ್ಟು ಇಟ್ಟುಕೊಂಡರೂ 1200 ಬೇಕಾಗುವುದಿಲ್ಲ. ಉಳಿದ ದುಡ್ಡನ್ನು ಪೈಪಿಗೆ ಹಾಕಿ.

ಕೊರೆಯುವ ಮೊದಲು ನನಗೆ ಮೂರು ವಿಷಯ ಬೇಕು: ಒಲೆಯಿಂದ ಹೊರಗೋಡೆಗೆ ಎಷ್ಟು ಅಡಿ, ದಾರಿಯಲ್ಲಿ ಬೀಮ್ ಇದೆಯಾ, ಗೀಸರಿನ ಪೈಪ್ ಹೊರಗೆ ಎಲ್ಲಿ ತೆರೆದುಕೊಳ್ಳುತ್ತದೆ. ಭಾವನಿಗೆ ಹೇಳಿ ಅಳತೆ ಮತ್ತು ಫೋಟೋ ಕಳಿಸು. ನನ್ನ ಉತ್ತರ ಬರುವ ತನಕ ಕೆಲಸದವರು ಗೋಡೆ ಮುಟ್ಟುವುದು ಬೇಡ.

ಅಮ್ಮನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಪ್ರೀತಿ.

ಇಂತಿ,
ನಿನ್ನ ತಮ್ಮ