ಬಿತ್ತನೆಯ ತಿಂಗಳಲ್ಲಿ ಒಂದು ಪ್ರೇರಿ ಮನೆ

ಆತ್ಮೀಯ ಓದುಗರೇ,

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ, ಕೆನಡಾದ ಪ್ರೇರಿ ಎಂಬ ವಿಶಾಲ ಬಯಲುಸೀಮೆಯ ಪ್ರಾಂತ್ಯವಾದ ಸಸ್ಕ್ಯಾಚೆವಾನಿನ ಹೊಲಗಳಲ್ಲಿ ಬಿತ್ತನೆ ಮೊದಲಾಗಿರುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಜೂನ್ ಆರಂಭದವರೆಗಿನ ಐದಾರು ವಾರಗಳು ಈ ಪ್ರಾಂತ್ಯದ ಒಕ್ಕಲು ಕುಟುಂಬಗಳಿಗೆ ವರ್ಷದಲ್ಲೇ ಅತ್ಯಂತ ಬಿಗಿಯಾದ ಕಾಲ. ನಮ್ಮ ಸಂಘದ ಬಹುತೇಕ ಸದಸ್ಯರು ಸಸ್ಕಟೂನ್ ಮತ್ತು ರಿಜೈನಾ ನಗರಗಳಲ್ಲಿ ಇದ್ದುಕೊಂಡು ವಿಶ್ವವಿದ್ಯಾಲಯ, ಆಸ್ಪತ್ರೆ, ಕಚೇರಿಗಳಲ್ಲಿ ದುಡಿಯುವವರಾದ್ದರಿಂದ, ಹೆದ್ದಾರಿಯ ಎರಡೂ ಬದಿಗೆ ಹಬ್ಬಿದ ಹೊಲಗಳನ್ನು ನಾವು ನೋಡುವುದು ಹೆಚ್ಚಾಗಿ ಕಾರಿನ ಕಿಟಕಿಯಿಂದಲೇ. ಹಾಗೆ ನೋಡಿದಾಗ ಕಣ್ಣಿಗೆ ಬೀಳುವುದು ದೊಡ್ಡ ಟ್ರ್ಯಾಕ್ಟರು, ಅದರ ಹಿಂದೆ ಅರವತ್ತು ಎಪ್ಪತ್ತು ಅಡಿ ಅಗಲದ ಏರ್ ಡ್ರಿಲ್ ಎಂಬ ಬಿತ್ತನೆಯ ಯಂತ್ರ, ಅದನ್ನು ನಡೆಸುತ್ತಿರುವ ಒಬ್ಬ ಮನುಷ್ಯ. ಆ ಒಬ್ಬರು ಹೊತ್ತಿಗೆ ಸರಿಯಾಗಿ ಹೊಲದಲ್ಲಿರಬೇಕಾದರೆ ಮನೆಯ ಎಷ್ಟು ಕೈಗಳು ದುಡಿಯಬೇಕು, ಅವುಗಳಲ್ಲೂ ಹೆಂಗಸರ ದುಡಿಮೆ ಲೆಕ್ಕಕ್ಕೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಈ ಸಲದ ಸಂಪಾದಕೀಯದಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು, ಈ ಅವಸರ ಏಕೆ ಎಂಬುದನ್ನು ತಿಳಿಯಬೇಕು. ವಸಂತದ ಕೊನೆಯ ಹೆಪ್ಪುಗಟ್ಟುವ ಚಳಿಯಿಂದ ಶರತ್ಕಾಲದ ಮೊದಲ ಹೆಪ್ಪುಗಟ್ಟುವ ಚಳಿಯವರೆಗೆ ಇಲ್ಲಿನ ಬೆಳೆಗೆ ಸಿಗುವುದು ಸುಮಾರು ನೂರು ನೂರಿಪ್ಪತ್ತು ದಿನಗಳು ಮಾತ್ರ. ನೆಲ ಕರಗದೆ ಬಿತ್ತುವಂತಿಲ್ಲ. ಕರಗಿದ ಮೇಲೆ ತಡ ಮಾಡಿದರೆ ವಸಂತದ ಬಿರುಗಾಳಿ ಮೇಲ್ಮಣ್ಣಿನ ಹಸಿಯನ್ನು ಒಣಗಿಸಿಬಿಡುತ್ತದೆ, ಬೆಳೆಯೂ ಮಾಗುವ ಮೊದಲೇ ಚಳಿಗೆ ಸಿಕ್ಕಿಕೊಳ್ಳುತ್ತದೆ. ಮಣ್ಣಿನ ಉಷ್ಣತೆ ಐದು ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಬಟಾಣಿ ಮತ್ತು ಚನ್ನಂಗಿ ಹೊಲಕ್ಕಿಳಿಯುತ್ತವೆ. ಇವೆರಡರ ಬೆಳೆಯುವ ಮೊಗ್ಗು ಮಣ್ಣಿನೊಳಗೂ ಉಳಿದಿರುವುದರಿಂದ ಮೇಲಿನ ಚಿಗುರು ಚಳಿಗೆ ಸುಟ್ಟರೂ ಗಿಡ ಮತ್ತೆ ಕುಡಿಯೊಡೆಯಬಲ್ಲದು. ಅನಂತರ ಗೋಧಿ, ಎಳೆಯ ಸಸಿಗೆ ಚಳಿ ತಡೆಯುವ ಶಕ್ತಿ ಕಡಿಮೆಯಿರುವ ಕನೋಲ ಎಂಬ ಸಾಸಿವೆ ಜಾತಿಯ ಎಣ್ಣೆಕಾಳು ಮೇ ತಿಂಗಳ ನಡುವಿನಲ್ಲಿ. ಹದ ಬಂದ ಹೊಲ ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ಮನೆಯ ಉಳಿದೆಲ್ಲ ವ್ಯವಹಾರಗಳು ಆ ಹದಕ್ಕೆ ತಮ್ಮನ್ನು ಹೊಂದಿಸಿಕೊಳ್ಳುತ್ತವೆ.

ಸಸ್ಕಟೂನಿನಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿರುವ ಬಿಗ್ಗರ್ ಪಟ್ಟಣದ ಸುತ್ತಿನ ಒಂದು ಕುಟುಂಬದ ಪರಿಚಯ ನನಗಿದೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅದೇ ಅಂಗಳದ ಇನ್ನೊಂದು ಮನೆಯಲ್ಲಿ ಗಂಡನ ತಂದೆತಾಯಿ. ಬೆಳೆಯ ಜೊತೆಗೆ ದನಗಳನ್ನೂ ಸಾಕಿರುವುದರಿಂದ ಅವರ ವಸಂತ ಬಿತ್ತನೆಗೆ ಮುಂಚೆಯೇ, ಮಾರ್ಚ್ ತಿಂಗಳಲ್ಲಿ ಹಸುಗಳು ಕರು ಹಾಕುವುದರೊಂದಿಗೆ ಮೊದಲಾಗುತ್ತದೆ. ಆಗಿನ್ನೂ ರಾತ್ರಿಯ ಚಳಿ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಏಪ್ರಿಲಿನಲ್ಲೂ ಹಿಮಗಾಳಿ ಬೀಸುವುದುಂಟು. ಒದ್ದೆ ಮೈಯ ಕರು ಆ ಗಾಳಿಗೆ ಸಿಕ್ಕರೆ ಕಿವಿ, ಬಾಲಗಳ ತುದಿ ಹೆಪ್ಪುಗಟ್ಟುತ್ತವೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಹುಟ್ಟಿದ ಆರು ಗಂಟೆಗಳೊಳಗೆ ಕರುವಿನ ಹೊಟ್ಟೆಗೆ ಗಿಣ್ಣದ ಹಾಲು ಹೋಗಲೇಬೇಕು, ಏಕೆಂದರೆ ಆ ಹಾಲಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹೊತ್ತು ಕಳೆದಂತೆ ಕಡಿಮೆಯಾಗುತ್ತ ಹೋಗಿ ಒಂದು ದಿನದೊಳಗೆ ಇಲ್ಲವೆನ್ನುವಷ್ಟಾಗುತ್ತದೆ. ಆದ್ದರಿಂದ ಮನೆಯವರು ಸರದಿಯ ಮೇಲೆ ರಾತ್ರಿಯಿಡೀ ಎರಡು ಮೂರು ಗಂಟೆಗೊಮ್ಮೆ ಎದ್ದು ಕೊಟ್ಟಿಗೆಗೆ ಹೋಗುತ್ತಾರೆ. ಆ ಮನೆಯಲ್ಲಿ ನಡುರಾತ್ರಿಯ ಸರದಿ ಅಜ್ಜಿಯದು. ನಿದ್ದೆ ಹೇಗೂ ಕಡಿಮೆ, ಎಳೆಯರು ಮಲಗಲಿ ಎಂದು ಅವರೇ ಅದನ್ನು ಕೇಳಿ ಪಡೆದಿದ್ದಾರೆ. ಚಳಿಗೆ ಮರಗಟ್ಟಿದ ಕರುವನ್ನು ಮನೆಯ ಹಿಂಬಾಗಿಲ ಪಡಸಾಲೆಗೆ ತಂದು, ಹಳೆಯ ಟವೆಲ್ಲುಗಳಿಂದ ಉಜ್ಜಿ, ಹೀಟರಿನ ಮುಂದೆ ಮಲಗಿಸುವುದನ್ನು ಆ ಮನೆಯ ಮಕ್ಕಳು ನಡೆಯಲು ಕಲಿತ ಕಾಲದಿಂದ ನೋಡುತ್ತ ಬೆಳೆದಿದ್ದಾರೆ.

ಬಿತ್ತನೆ ತೊಡಗಿದ ಮೇಲೆ ದಿನದ ಉದ್ದವೇ ಬದಲಾಗುತ್ತದೆ. ಮೇ ನಡುವಿನಲ್ಲಿ ಇಲ್ಲಿ ಬೆಳಗಿನ ಐದೂಕಾಲಿಗೆ ಸೂರ್ಯ ಹುಟ್ಟಿ ರಾತ್ರಿ ಒಂಬತ್ತರ ಸುಮಾರಿಗೆ ಮುಳುಗುತ್ತಾನೆ. ಟ್ರ್ಯಾಕ್ಟರಿಗೆ ದೀಪವೂ ಉಪಗ್ರಹದ ದಾರಿಗುರುತೂ ಇರುವುದರಿಂದ ಕೆಲಸ ಅದಕ್ಕೂ ಆಚೆ ಸಾಗುತ್ತದೆ. ಮನೆಯಾಕೆ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ವರ್ಷದ ರಜೆಯ ಬಹುಪಾಲನ್ನು ಅವರು ಮೇ ತಿಂಗಳಿಗೆಂದೇ ಉಳಿಸಿಕೊಳ್ಳುತ್ತಾರೆ. ಆ ರಜೆಯ ಒಂದು ದಿನ ಹೇಗಿರುತ್ತದೆಂದರೆ, ಮಕ್ಕಳನ್ನು ಎಬ್ಬಿಸಿ, ಬುತ್ತಿ ಕಟ್ಟಿ, ಜಲ್ಲಿರಸ್ತೆಯ ತುದಿಗೆ ಬರುವ ಹಳದಿ ಶಾಲಾಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ಹೊಲದಿಂದ ಫೋನು ಬಂದಿರುತ್ತದೆ. ಡ್ರಿಲ್ಲಿನ ಒಂದು ಹೋಸ್ ಒಡೆದಿದೆ, ಬಿಡಿಭಾಗ ಬೇಕು. ಅದನ್ನು ತರಲು ಪಟ್ಟಣಕ್ಕೆ ಹೋಗಿ ಬಂದು, ಬೀಜ ಮತ್ತು ಗೊಬ್ಬರ ತುಂಬಿದ ಲಾರಿಯನ್ನು ಮುಂದಿನ ಹೊಲದ ಮೂಲೆಗೆ ಕೊಂಡೊಯ್ದು ನಿಲ್ಲಿಸಿ, ಬೀಜದ ಮೇಲೆ ರೈಜೋಬಿಯಂ ಎಂಬ, ದ್ವಿದಳ ಗಿಡಗಳಿಗೆ ಸಾರಜನಕ ಒದಗಿಸುವ ಸೂಕ್ಷ್ಮಾಣು ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿ, ಮಧ್ಯಾಹ್ನ ಎರಡು ಗಂಟೆಗಳ ಕಾಲ ಗಂಡನನ್ನು ಮಲಗಲು ಕಳಿಸಿ ತಾವೇ ಡ್ರಿಲ್ ನಡೆಸುತ್ತಾರೆ. ಸಂಜೆ ಆರೂವರೆಗೆ ಊಟ ಹೊಲಕ್ಕೇ ಹೋಗುತ್ತದೆ. ಅತ್ತೆ ಬೇಯಿಸಿಟ್ಟ ಆಲೂಗಡ್ಡೆ, ಮಾಂಸ ಅಥವಾ ಪೆರೋಗಿ ಎಂಬ ಹೂರಣ ತುಂಬಿದ ಕಡುಬು, ಕಾಯಿಪಲ್ಯದ ಸೂಪು, ವಸಂತದಲ್ಲಿ ತೋಟದಲ್ಲಿ ಮೊದಲು ಕೈಗೆ ಬರುವ ರೂಬಾರ್ಬ್ ಎಂಬ ಹುಳಿ ದಂಟಿನ ಪೈ ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ಪಿಕಪ್ ಗಾಡಿಯ ಹಿಂಬದಿಯ ಹಲಗೆ ಇಳಿಸಿ ಹರಡಿದರೆ, ಕುಟುಂಬದ ಆರೂ ಮಂದಿ ದಿನದಲ್ಲಿ ಒಟ್ಟಿಗೆ ಸೇರುವ ಇಪ್ಪತ್ತು ನಿಮಿಷ ಅದೇ. ಶಾಲೆಯ ಸುದ್ದಿ, ಪಕ್ಕದ ಮನೆಯವರ ಬಿತ್ತನೆ ಎಲ್ಲಿಗೆ ಬಂತು ಎಂಬ ವಿಚಾರ, ನಾಳೆಯ ಗಾಳಿಯ ಮುನ್ಸೂಚನೆ ಎಲ್ಲವೂ ಅಲ್ಲೇ ಆಗಬೇಕು.

ಮಕ್ಕಳಿಗೂ ಪಾಲಿದೆ. ಹಿಮನದಿಗಳು ಬಿಟ್ಟುಹೋದ ಕಲ್ಲುಗಳು ಈ ಮಣ್ಣಿನಲ್ಲಿ ಹೇರಳವಾಗಿವೆ; ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿ, ಮತ್ತೆ ಕರಗುವಾಗ ಅವು ಪ್ರತಿ ವರ್ಷವೂ ಹೊಸದಾಗಿ ಮೇಲೇಳುತ್ತವೆ. ಶಾಲೆ ಬಿಟ್ಟ ಮೇಲೆ ಮತ್ತು ಶನಿವಾರಗಳಲ್ಲಿ ಕಲ್ಲು ಆಯುವುದು ಪ್ರೇರಿ ಮಕ್ಕಳ ಪೀಳಿಗೆ ಪೀಳಿಗೆಗಳ ಕೆಲಸ, ಹೊಲದ ಅಂಚುಗಳಲ್ಲಿ ಕಾಣುವ ಕಲ್ಲುಗುಡ್ಡೆಗಳು ಅದರ ಗುರುತು. ದೊಡ್ಡ ಕಲ್ಲಿಗೆ ಈಗ ಯಂತ್ರವಿದ್ದರೂ ಸಣ್ಣವಕ್ಕೆ ಕೈಯೇ ಗತಿ. ಈ ಕೆಲಸಕ್ಕೂ ನಮ್ಮ ಅಡುಗೆಮನೆಯ ಬೇಳೆಗೂ ನೇರವಾದ ಸಂಬಂಧವಿದೆ. ಚನ್ನಂಗಿ ಗಿಡ ಮೊಣಕಾಲೆತ್ತರಕ್ಕಿಂತ ಹೆಚ್ಚು ಬೆಳೆಯುವುದಿಲ್ಲ, ಕಾಯಿಗಳು ನೆಲದ ಹತ್ತಿರವೇ ತೂಗುತ್ತವೆ. ಕೊಯ್ಲಿನ ಯಂತ್ರದ ಅಲಗು ಮಣ್ಣಿಗೆ ತಾಗುವಷ್ಟು ಕೆಳಗೆ ಹರಿಯಬೇಕಾಗುವುದರಿಂದ ಒಂದೇ ಒಂದು ಕಲ್ಲು ಉಳಿದರೂ ಅಲಗು ಮುರಿದು ಕೊಯ್ಲೇ ನಿಲ್ಲುತ್ತದೆ. ಆದ್ದರಿಂದ ಚನ್ನಂಗಿ ಬಿತ್ತಿದ ಹೊಲದಲ್ಲಿ ಕಲ್ಲು ಆಯ್ದ ಮೇಲೂ, ಉಳಿದವು ಮಣ್ಣಿಗೆ ಅಮುಕಿಕೊಳ್ಳಲೆಂದು ಭಾರವಾದ ಉಕ್ಕಿನ ಉರುಳೆ ಹಾಯಿಸುತ್ತಾರೆ. ಮಕ್ಕಳು ಯಂತ್ರದ ಸುತ್ತ ಎಲ್ಲಿ ಸುಳಿಯಬಾರದು, ಕಾಳು ತುಂಬಿದ ಕಣಜಕ್ಕೆ ಏಕೆ ಇಳಿಯಬಾರದು ಎಂಬುದನ್ನು ಆ ಮನೆಯವರು ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಹೇಳುವುದನ್ನು ಕೇಳಿದ್ದೇನೆ. ದಣಿದ ದೊಡ್ಡವರು ಮತ್ತು ದೊಡ್ಡ ಯಂತ್ರಗಳು ಒಟ್ಟಿಗೆ ಇರುವ ಈ ತಿಂಗಳಲ್ಲಿ ಆ ಮಾತು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ ಎಂದೇ ನನ್ನ ಭಾವನೆ.

ಯಾವ ಹೊಲಕ್ಕೆ ಯಾವ ಬೆಳೆ ಎಂಬುದು ಅಡುಗೆಮನೆಯ ಮೇಜಿನ ಮೇಲೆ ಚಳಿಗಾಲದಲ್ಲೇ ತೀರ್ಮಾನವಾಗಿರುತ್ತದೆ, ಮತ್ತು ಆ ತೀರ್ಮಾನದಲ್ಲಿ ಭಾರತ ಸದಾ ಕುಳಿತಿರುತ್ತದೆ. 1971ರಲ್ಲಿ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದಲ್ಲಿ ಬೆಳೆ ಅಭಿವೃದ್ಧಿ ಕೇಂದ್ರ ಸ್ಥಾಪನೆಯಾಗಿ, ಮರುವರ್ಷ ಅಲ್ಲಿಗೆ ಬಂದ ಆಲ್ ಸ್ಲಿಂಕಾರ್ಡ್ ಅವರು ಈ ನೆಲಕ್ಕೆ ಒಗ್ಗುವ ದ್ವಿದಳ ತಳಿಗಳ ಮೇಲೆ ಕೆಲಸ ಮಾಡುವವರೆಗೆ ಇಲ್ಲಿ ಚನ್ನಂಗಿ ಬೆಳೆ ಇರಲಿಲ್ಲವೆಂದೇ ಹೇಳಬಹುದು. 1978ರಲ್ಲಿ ಲೇರ್ಡ್, 1980ರಲ್ಲಿ ಎಸ್ಟನ್ ಎಂಬ ತಳಿಗಳು ಬಿಡುಗಡೆಯಾದವು. ಎರಡೂ ಇದೇ ಪ್ರಾಂತ್ಯದ ಊರುಗಳ ಹೆಸರು. ಇಂದು ಕೆನಡಾ ಜಗತ್ತಿನಲ್ಲೇ ಅತಿ ಹೆಚ್ಚು ಚನ್ನಂಗಿ ರಫ್ತು ಮಾಡುವ ದೇಶ, ಅದರಲ್ಲಿ ಬಹುಪಾಲು ಬೆಳೆಯುವುದು ಸಸ್ಕ್ಯಾಚೆವಾನ್. 2017ರ ನವೆಂಬರಿನಲ್ಲಿ ಭಾರತ ಸರ್ಕಾರ ಬಟಾಣಿಯ ಆಮದಿನ ಮೇಲೆ ಶೇಕಡ 50, ಡಿಸೆಂಬರಿನಲ್ಲಿ ಚನ್ನಂಗಿ ಮತ್ತು ಕಡಲೆಯ ಮೇಲೆ ಶೇಕಡ 30 ಸುಂಕ ಹಾಕಿದಾಗ, ಮರುವರ್ಷದ ವಸಂತದಲ್ಲಿ ಇಲ್ಲಿನ ಚನ್ನಂಗಿ ಬಿತ್ತನೆಯ ವಿಸ್ತೀರ್ಣ ಇಳಿಯಿತು. ನಮ್ಮ ನಾಡಿನ ತೊಗರಿ, ಕಡಲೆ ಬೆಳೆಗಾರರಿಗೆ ಬೆಲೆ ಸಿಗಲೆಂಬ ಕಾರಣಕ್ಕೆ ಆದ ನಿರ್ಧಾರ ಅದು. ಕಲಬುರಗಿ, ಬೀದರ್ ಕಡೆಯಿಂದ ಬಂದ ನಮ್ಮ ಸದಸ್ಯರಿಗೆ ಅದರ ನ್ಯಾಯ ಬಿಡಿಸಿ ಹೇಳಬೇಕಿಲ್ಲ. ಆದರೂ ಬಿಗ್ಗರಿನ ಆ ಮೇಜಿನ ಸುತ್ತ ಕುಳಿತವರು ಬೀಜಕ್ಕೆ ಆಗಲೇ ಹಣ ಕೊಟ್ಟಾಗಿತ್ತು. ಬೇರು ಕೊಳೆರೋಗದ ಕಾರಣದಿಂದ ಬಟಾಣಿ, ಚನ್ನಂಗಿಗಳನ್ನು ಒಂದೇ ಹೊಲದಲ್ಲಿ ಮತ್ತೆ ಹಾಕಲು ಆರೇಳು ವರ್ಷ ಕಾಯಬೇಕೆಂದು ಕೃಷಿ ತಜ್ಞರು ಹೇಳುತ್ತಾರೆ. ಆದ್ದರಿಂದ ಒಂದು ವರ್ಷ ಬೆಳೆ ಬದಲಿಸಿದರೆ ಮುಂದಿನ ಹಲವು ವರ್ಷಗಳ ಯೋಜನೆಯನ್ನೇ ಮತ್ತೆ ಬರೆಯಬೇಕಾಗುತ್ತದೆ. ಆ ಲೆಕ್ಕದ ಪುಸ್ತಕವನ್ನು ಇಟ್ಟಿರುವುದೂ ಬರೆಯುವುದೂ ಮನೆಯಾಕೆಯೇ.

ಇಷ್ಟೆಲ್ಲ ದುಡಿಮೆಗೆ ಕಾನೂನಿನ ಕಣ್ಣಿನಲ್ಲಿ ಬೆಲೆ ಬಂದದ್ದು ತೀರ ಈಚೆಗೆ ಎಂಬುದನ್ನು ನಾವು ತಿಳಿದಿರಬೇಕು. ಮೂಲನಿವಾಸಿಗಳೊಡನೆ ಒಪ್ಪಂದಗಳಾದ ಈ ಬಯಲಿನಲ್ಲಿ 1872ರ ಡೊಮಿನಿಯನ್ ಭೂ ಕಾಯಿದೆಯ ಪ್ರಕಾರ ಹತ್ತು ಡಾಲರು ಶುಲ್ಕ ಕಟ್ಟಿ, ನೆಲ ಒಡೆದು, ಮನೆ ಕಟ್ಟಿ ವಾಸಿಸಿದ ಗಂಡಸಿಗೆ 160 ಎಕರೆ ಸಿಗುತ್ತಿತ್ತು. ಹೆಂಗಸಿಗೆ ಅದು ಸಿಗಬೇಕಾದರೆ ಆಕೆ ಕುಟುಂಬದ ಏಕೈಕ ಯಜಮಾನಿಯಾಗಿರಬೇಕಿತ್ತು, ಎಂದರೆ ಬಹುತೇಕ ಮಕ್ಕಳಿರುವ ವಿಧವೆಯಾಗಿರಬೇಕಿತ್ತು. ನೂರು ವರ್ಷಗಳ ಬಳಿಕವೂ ಸ್ಥಿತಿ ಬಹಳ ಬದಲಾಗಿರಲಿಲ್ಲ. ನೆರೆಯ ಪ್ರಾಂತ್ಯವಾದ ಆಲ್ಬರ್ಟಾದ ಐರೀನ್ ಮರ್ಡಾಕ್ ಎಂಬಾಕೆ ಗಂಡನೊಡನೆ ಇಪ್ಪತ್ತೈದು ವರ್ಷ ದನಗಳ ಫಾರ್ಮಿನಲ್ಲಿ ದುಡಿದವರು. ಹುಲ್ಲು ಕೊಯ್ಯುವುದು, ಟ್ರ್ಯಾಕ್ಟರು ಲಾರಿಗಳನ್ನು ನಡೆಸುವುದು, ಕರುಗಳಿಗೆ ಗುರುತಿನ ಬರೆ ಹಾಕುವುದು ಎಲ್ಲವನ್ನೂ ಮಾಡಿದವರು, ವರ್ಷಕ್ಕೆ ಹಲವು ತಿಂಗಳು ಗಂಡ ಬೇರೆ ಕೆಲಸಕ್ಕೆ ಹೋದಾಗ ಫಾರ್ಮನ್ನು ಒಬ್ಬರೇ ನೋಡಿಕೊಂಡವರು. ಮದುವೆ ಮುರಿದಾಗ ಅವರು ಆಸ್ತಿಯಲ್ಲಿ ಪಾಲು ಕೇಳಿದರೆ, ಇದು ಫಾರ್ಮಿನ ಯಾವ ಹೆಂಡತಿಯಾದರೂ ಮಾಡುವ ಸಾಮಾನ್ಯ ಕೆಲಸವೆಂಬ ನೋಟವನ್ನೇ ಒಪ್ಪಿ ಕೆನಡಾದ ಸುಪ್ರೀಂ ಕೋರ್ಟ್ 1973ರಲ್ಲಿ ಆ ಕೋರಿಕೆಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಬೋರಾ ಲಾಸ್ಕಿನ್ ಒಬ್ಬರೇ ಭಿನ್ನ ತೀರ್ಪು ಬರೆದರು. ದೇಶದಾದ್ಯಂತ ಹೆಂಗಸರ ಆಕ್ರೋಶ ಎದ್ದಿತು. 1978ರಲ್ಲಿ ನಮ್ಮದೇ ಪ್ರಾಂತ್ಯದ ರಾಥ್‌ವೆಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಕ್ಕಲು ಕುಟುಂಬದ ಹೆಂಡತಿಗೆ ಅರ್ಧ ಪಾಲನ್ನು ಎತ್ತಿಹಿಡಿಯಿತು, ಆ ದಶಕ ಮುಗಿಯುವ ಸುಮಾರಿಗೆ ಪ್ರಾಂತ್ಯಗಳು ಒಂದೊಂದಾಗಿ ವೈವಾಹಿಕ ಆಸ್ತಿಯ ಕಾನೂನುಗಳನ್ನು ತಿದ್ದಿದವು. ಕೃಷಿ ಗಣತಿಯಲ್ಲಿ ಒಂದು ಫಾರ್ಮಿಗೆ ಒಬ್ಬರಿಗಿಂತ ಹೆಚ್ಚು ನಿರ್ವಾಹಕರ ಹೆಸರು ಬರೆಯಲು ಜಾಗ ಸಿಕ್ಕಿದ್ದು 1991ರಲ್ಲಿ. ಅದಕ್ಕೆ ಮುಂಚೆ ಆ ಒಂದು ಸಾಲಿನಲ್ಲಿ ಸಾಮಾನ್ಯವಾಗಿ ಗಂಡನ ಹೆಸರಿರುತ್ತಿತ್ತು. 2021ರ ಗಣತಿಯಲ್ಲಿ ಕೆನಡಾದ ಕೃಷಿ ನಿರ್ವಾಹಕರಲ್ಲಿ ಹೆಂಗಸರು ಶೇಕಡ 30ರಷ್ಟಿದ್ದರು.

ಇದನ್ನು ಓದುವಾಗ ನಮ್ಮ ಕಡೆಯ ಹೊಲಗಳು ನೆನಪಾಗದೆ ಇರವು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತ, ಬಟ್ಟಲಿಗೆ ಒಂದೇ ಸಮನೆ ಕಾಳು ಬಿಡುವ ಕೈ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೆಂಗಸಿನದು; ಸಾಲು ದಟ್ಟವಾಗುವುದೂ ತೆಳುವಾಗುವುದೂ ಆ ಕೈಯ ಹದವನ್ನು ಅವಲಂಬಿಸಿದೆ. ಆದರೆ ಪಹಣಿಯಲ್ಲಿ ಅವಳ ಹೆಸರು ಸಿಗುವುದು ಅಪರೂಪ, ಹೆಸರಿಲ್ಲದಿದ್ದರೆ ಬ್ಯಾಂಕಿನ ಬೆಳೆಸಾಲವೂ ಇಲ್ಲ, ಪರಿಹಾರವೂ ಇಲ್ಲ. ಊರಿನಲ್ಲಿ ಇನ್ನೂ ಜಮೀನು ಉಳಿಸಿಕೊಂಡಿರುವ ನಮ್ಮ ಸದಸ್ಯರು ಈ ಸಲ ರಜೆಗೆ ಹೋದಾಗ ಆ ಪಹಣಿಯನ್ನು ಒಮ್ಮೆ ತೆಗೆಸಿ ನೋಡಿ, ತಾಯಿಯ, ಅತ್ತಿಗೆಯ, ಅಕ್ಕತಂಗಿಯರ ಹೆಸರು ಅದರಲ್ಲಿ ಇದೆಯೇ ಎಂದು ವಿಚಾರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಮನೆಯೊಳಗಿನ ವಿಷಯ, ಸಂಘದ ಪತ್ರಿಕೆಗೆ ಸಲ್ಲದು ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸಿಲ್ಲ.

ಕೊನೆಯದಾಗಿ, ಈ ವರ್ಷದ ಹೊಲದ ಭೇಟಿಯ ಬಗ್ಗೆ. ಮೇ ತಿಂಗಳ ದೀರ್ಘ ವಾರಾಂತ್ಯದಲ್ಲಿ ಹೋಗೋಣವೆಂದು ಹಲವು ಸದಸ್ಯರು ಸೂಚಿಸಿದ್ದರು. ಆ ವಾರಾಂತ್ಯ ನಮಗೆ ರಜೆಯಾದರೂ ಬಿಗ್ಗರಿನ ಆ ಕುಟುಂಬಕ್ಕೆ ಕನೋಲ ಬಿತ್ತನೆಯ ನಡುಮಧ್ಯ. ಅಜ್ಜಿ ಆಲೂಗಡ್ಡೆ ನೆಟ್ಟು, ಮಾರ್ಚಿನಿಂದ ಕಿಟಕಿಯ ಬಳಿ ಬೆಳೆಸಿದ ಟೊಮೆಟೊ ಸಸಿಗಳನ್ನು ಹೊರಗೆ ಇಡುವುದೂ ಆ ದಿನಗಳಲ್ಲೇ. ಆದ್ದರಿಂದ ಭೇಟಿಯನ್ನು ಕನೋಲ ಹೂಬಿಡುವ ಜುಲೈ ಮೊದಲ ವಾರಕ್ಕೆ ಇಡಲಾಗಿದೆ. ಬರುವವರು ಮನೆಯಿಂದಲೇ ಮಣ್ಣು ತೊಳೆದ ಬೂಟು ಹಾಕಿಕೊಂಡು ಬರಬೇಕು, ಮನೆಯವರು ಕರೆಯದೆ ಬೆಳೆಯೊಳಗೆ ಕಾಲಿಡಬಾರದು, ಏಕೆಂದರೆ ಕನೋಲದ ಬೇರುಗಂಟು ರೋಗ ಒಂದು ಹೊಲದಿಂದ ಇನ್ನೊಂದಕ್ಕೆ ಹರಡುವುದು ಮಣ್ಣಿನ ಮೂಲಕ, ಒಮ್ಮೆ ಬಂದರೆ ಅದು ಹಲವು ವರ್ಷ ನೆಲದಲ್ಲೇ ಉಳಿಯುತ್ತದೆ. ಅಡುಗೆಯ ಹೊರೆ ಅವರ ಮೇಲೆ ಬೀಳಬಾರದು. ಅನ್ನ, ಚನ್ನಂಗಿ ಬೇಳೆಯ ಸಾರು, ಪಲ್ಯ, ಕೋಸಂಬರಿಗಳನ್ನು ನಾವೇ ಕೊಂಡೊಯ್ಯುತ್ತೇವೆ. ಯಾರು ಏನು ತರುತ್ತೀರೆಂಬುದನ್ನು ಜೂನ್ ಮೂರನೆಯ ವಾರದೊಳಗೆ ಕಾರ್ಯದರ್ಶಿಗಳಿಗೆ ತಿಳಿಸಿ.